ಸಹಾಯ ಬೇಕು: ಮಂಡ್ಯದ ಹಳೇ ಕ್ರೀಡಾಂಗಣಕ್ಕೆ ಸ್ಟೀಲ್ ಜಾಲರಿ ಗೋಡೆ

ಕಬಡ್ಡಿ, ವಾಲಿಬಾಲ್ ಆಡುವ ಒಳಾಂಗಣ. ಪಶ್ಚಿಮದ ಗಾಜು ತೆಗೆದು 9 ಮೀಟರ್ ಎತ್ತರದ ಹೆಣೆದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ (304 ದರ್ಜೆ, ಶೇ. 45 ತೆರಪು, ಅಂದರೆ ಗಾಳಿ ನುಗ್ಗುವ ಖಾಲಿ ಜಾಗ) ಎಳೆದು ಕಟ್ಟಬೇಕಿದೆ. ಬ್ಯಾಡ್ಮಿಂಟನ್ ಆಗಿದ್ದರೆ ಈ ಮಾತೇ ಬೇಡ, ಗಾಳಿಗೆ ಶಟಲ್ ಓಡಾಡುತ್ತೆ.

ತೊಡಕು ಇರೋದು ಮೇಲಿನ ತೊಲೆಯಲ್ಲಿ. ಮೈಸೂರು ಭಾಗಕ್ಕೆ ಐಎಸ್ 875ರ (ಕಟ್ಟಡದ ಮೇಲೆ ಬೀಳುವ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ) ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್; ಅಂದರೆ ಗಟ್ಟಿ ಗೋಡೆಗೆ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಒತ್ತಡ. ತೆರಪಿದೆ ಅಂತ ಅದನ್ನ ಅರ್ಧಕ್ಕೆ ಇಳಿಸೋದು ತಪ್ಪು. ಜಾಲರಿ ಸಡಿಲವಾಗದಂತೆ ಬಿಗಿದಷ್ಟೂ ತೊಲೆಯನ್ನ ಕೆಳಕ್ಕೆ ಜಗ್ಗುತ್ತೆ, ಹಳೇ ತೊಲೆಗೆ ಆ ಲೆಕ್ಕ ಹಾಕಿಲ್ಲ. ಜೊತೆಗೆ 40 ಡಿಗ್ರಿ ಏರಿಳಿತಕ್ಕೆ 9 ಮೀಟರ್ ಸ್ಟೀಲ್ 6 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ಸ್ಪ್ರಿಂಗ್ ಇಲ್ಲದಿದ್ದರೆ ಮಧ್ಯಾಹ್ನ ಜೋತು ಬಿದ್ದು ಪಟಪಟ ಅನ್ನುತ್ತೆ, ಮುಂಜಾನೆ ಚಳಿಗೆ ಬೋಲ್ಟ್ ಕೀಳುತ್ತೆ.

ಜಾಲರಿ ಹಿಡಿಯುವ ಬ್ರ್ಯಾಕೆಟ್ ಜಿಐ (ಸತು ಲೇಪಿಸಿದ ಕಬ್ಬಿಣ) ಆದ್ದರಿಂದ ನಡುವೆ ನೈಲಾನ್ ವಾಷರ್, ಬುಷ್ (ಬೋಲ್ಟ್ ಸುತ್ತಲಿನ ಕೊಳವೆ) ಎರಡೂ ಹಾಕ್ತೀವಿ. ಬರೀ ವಾಷರ್ ಹಾಕಿದರೆ ಬೋಲ್ಟ್ ಮೂಲಕವೇ ಎರಡೂ ಲೋಹ ತಾಗಿ, ಮಳೆನೀರಿಗೆ ಸತು ಮೊದಲು ಕರಗುತ್ತೆ.

ಕೇಳೋದಿಷ್ಟೇ: ಹಳೇ ಕಾಂಕ್ರೀಟಿಗೆ ಕೆಮಿಕಲ್ ಆಂಕರ್ (ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟ್) ಕೊಟ್ಟು ಜಗ್ಗಿ ಪರೀಕ್ಷಿಸಿದವರು ಯಾರಾದರೂ ಇದ್ದೀರಾ? ಇಲ್ಲಾ ತೊಲೆ ಮುಟ್ಟದೆ ನೆಲದಿಂದಲೇ ಬೇರೆ ಪೈಪ್ ಚೌಕಟ್ಟು ಎಬ್ಬಿಸೋದು ವಾಸಿಯಾ? ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಜಾಲರಿ ಅಂಚನ್ನ ರಾಡಿಗೆ ಸೊಟ್ಟ ಬಾರದಂತೆ ವೆಲ್ಡ್ ಮಾಡುವ ವರ್ಕ್‌ಶಾಪ್ ಗೊತ್ತಿದ್ದರೂ ತಿಳಿಸಿ. ಪಾರಿವಾಳ ಗೂಡು ಕಟ್ಟದ ಹಾಗೆ ಜಾಲರಿಯ ಕಣ್ಣು ಎಷ್ಟು ಅಳತೆಯದ್ದು ಇಟ್ಟಿರಿ ಅನ್ನೋದೂ ಬೇಕು.