ಬ್ಯಾಟರಿ, ಎಬಿಎಸ್ ದೀಪ ಬಂದು ಹೋಗುತ್ತಿವೆ: 2011ರ ಪೆಟ್ರೋಲ್ ಕಾರು

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗಾಡಿ. ಎಸಿ, ಹೆಡ್‌ಲೈಟ್ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಬ್ಯಾಟರಿ ದೀಪ ಮಿನುಗುತ್ತದೆ. ಹಂಪ್ ದಾಟಿದಾಗ ಕೆಲವೊಮ್ಮೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುತ್ತದೆ, ಕೀ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತದೆ. ಮೊದಲು ಏನು ನೋಡಲಿ?

ಉತ್ತರ 1: ಬ್ಯಾಟರಿ ಬಿಚ್ಚಬೇಡಿ, ಗಾಡಿಯ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಅಳಿಸಿಹೋಗಬಹುದು. ಮೊದಲು ಸ್ಕ್ಯಾನ್ ಮಾಡಿಸಿ. ಅಗ್ಗದ ಸ್ಕ್ಯಾನರ್‌ಗಳು ಇಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಓದುವಂಥದ್ದೇ ಬೇಕು. ಆಮೇಲೆ ಮಲ್ಟಿಮೀಟರ್. ಗಾಡಿ ರಾತ್ರಿಯಿಡೀ ನಿಂತಿದ್ದಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ), ಎಸಿ, ಹೆಡ್‌ಲೈಟ್ ಎಲ್ಲ ಹಾಕಿದಾಗ 13ಕ್ಕಿಂತ ಕೆಳಗಿಳಿದರೆ ಬೆಲ್ಟ್ ಸಡಿಲವೋ, ಆಲ್ಟರ್ನೇಟರ್‌ನ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಒಳಗಿನ ಕಾರ್ಬನ್ ಬ್ರಷ್ ಸವೆದಿದೆಯೋ ನೋಡಿ. ಬರೀ ಬ್ರಷ್ ಆದರೆ ಇಡೀ ಆಲ್ಟರ್ನೇಟರ್ ಬದಲಿಸುವುದು ದುಂದು.

ಉತ್ತರ 2: ಅರ್ತಿಂಗ್ ಮರೆಯಬೇಡಿ. ಇಂಜಿನ್ ಓಡುವಾಗ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ (ಬ್ಯಾಟರಿ ನೆಗೆಟಿವ್, ಬಾಡಿ, ಇಂಜಿನ್ ಜೋಡಿಸುವ ತಂತಿ) ತುಕ್ಕು ಹಿಡಿದಿರಬಹುದು ಅಥವಾ ಸಡಿಲವಾಗಿರಬಹುದು. ಇಂಜಿನ್ ಆಫ್ ಮಾಡಿ, ಪಟ್ಟಿ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿ.

ಉತ್ತರ 3: ಹಂಪ್‌ನಲ್ಲಿ ಎಬಿಎಸ್ ಹತ್ತುವುದು ಹೆಚ್ಚಾಗಿ ವೀಲ್ ಸ್ಪೀಡ್ ಸೆನ್ಸರ್ (ಚಕ್ರ ತಿರುಗುವ ವೇಗ ಅಳೆಯುವ ಸಾಧನ) ವೈರಿನಿಂದ. ಸ್ಟೀರಿಂಗ್ ತಿರುಗಿಸಿದಾಗ ಬಾಗುವ ಕಡೆ ವೈರು ಒಳಗೇ ತುಂಡಾಗಿರಬಹುದು. ಕನೆಕ್ಟರ್‌ನಲ್ಲಿ ನೀರು, ವೀಲ್ ಬೇರಿಂಗ್ ಆಟ, ಎರಡನ್ನೂ ನೋಡಿ. ಬೇರಿಂಗ್ ಅಲ್ಲಾಡಿದರೆ ಸೆನ್ಸರ್ ಅಂತರ ಬದಲಾಗುತ್ತದೆ. ಎಬಿಎಸ್ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ಗಾಡಿ ಓಡಿಸಲೇಬೇಡಿ.