ಬಿಎಸ್ಸಿ ಮೇಲೆ ಸಂಶೋಧನಾ ಸಂಸ್ಥೆ ಸೇರಿದರೆ ಎಲ್ಲಿವರೆಗೆ ಬೆಳೆಯಬಹುದು? ಒಳಗಿದ್ದವರು ದಯವಿಟ್ಟು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮುಗಿಸಿ ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಓದಿದ್ದು ಭೌತಶಾಸ್ತ್ರ, ಗಣಿತ. ಈಗ ಕೇಂದ್ರ ಸರ್ಕಾರದ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ವೇತನ ಶ್ರೇಣಿ ಲೆವೆಲ್ 6, ಬೇಸಿಕ್ (ಮೂಲ ವೇತನ) 35,400 ರೂಪಾಯಿ. ಅದೇ ವಾರ ಎಂಎಸ್ಸಿ ಸೀಟೂ ಸಿಕ್ಕಿತು. ಅಪ್ಪ ಇಲ್ಲ, ತಮ್ಮ ಇನ್ನೂ ಪಿಯುಸಿ. ಹಾಗಾಗಿ ಸಂಬಳ ಬೇಕೇ ಬೇಕು. ಆದರೆ ನನಗೆ ವಿಜ್ಞಾನಿ ಆಗುವ ಆಸೆ ಹೈಸ್ಕೂಲಿನಿಂದ ಇದೆ. ಒಳಗೆ ಸೇರಿಕೊಂಡರೆ ಸಾಕು, ಬಡ್ತಿ ಸಿಗುತ್ತಾ ಸಿಗುತ್ತಾ ವಿಜ್ಞಾನಿ ಆಗುತ್ತೀಯ ಅಂತ ಕೆಲವರು ಹೇಳುತ್ತಾರೆ. ಅಲ್ಲೇ ಕೊಳೆಯುತ್ತೀಯ ಅಂತ ಇನ್ನು ಕೆಲವರು. ಉತ್ತರ ಕೊಡಲು ಹದಿನೈದು ದಿನ ಇದೆ. ಏನು ಮಾಡಲಿ?

ನಿವೃತ್ತ ತಾಂತ್ರಿಕ ಅಧಿಕಾರಿ, 33 ವರ್ಷ ಸೇವೆ

ಮಗಳೇ, ಏಕವಚನದಲ್ಲೇ ಬರೆಯುತ್ತೇನೆ, ನನ್ನ ಕಿರಿಯ ಮಗಳ ವಯಸ್ಸು ನಿನ್ನದು. ನಾನೂ ಬಿಎಸ್ಸಿ ಮೇಲೆಯೇ ಸೇರಿದವನು.

ನಿನಗೆ ಸಿಕ್ಕಿದ ಎರಡು ಸಲಹೆಗಳೂ ಅರ್ಧರ್ಧ ಸರಿ. ಬಡ್ತಿ ಸಿಗುತ್ತದೆ, ಕೊಳೆಯುವುದಿಲ್ಲ. ಆದರೆ ಆ ಬಡ್ತಿಯಿಂದ ವಿಜ್ಞಾನಿ ಆಗುವುದಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಮೆಟ್ಟಿಲ ಸಾಲು ಇವೆ ಅಂತ ತಿಳಿದುಕೋ. ಸಿಎಸ್‌ಐಆರ್‌ನಲ್ಲಿ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ತಾಂತ್ರಿಕ ಸಿಬ್ಬಂದಿ ಗ್ರೂಪ್ 3, ವಿಜ್ಞಾನಿಗಳು ಗ್ರೂಪ್ 4. ಗ್ರೂಪ್ 3ರಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ಸೇರಿ ಟೆಕ್ನಿಕಲ್ ಆಫೀಸರ್, ಸೀನಿಯರ್ ಟೆಕ್ನಿಕಲ್ ಆಫೀಸರ್‌ನ ಮೂರು ಹಂತ, ಕೊನೆಗೆ ಪ್ರಿನ್ಸಿಪಲ್ ಟೆಕ್ನಿಕಲ್ ಆಫೀಸರ್ ತನಕ ಹೋಗಬಹುದು. ಡಿಆರ್‌ಡಿಒದಲ್ಲಿ (ರಕ್ಷಣಾ ಸಂಶೋಧನಾ ಸಂಸ್ಥೆ) ಬಿಎಸ್ಸಿಯವರು, ಡಿಪ್ಲೊಮಾದವರು ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್-ಬಿ ಆಗಿ ಸೇರುತ್ತಾರೆ. ಅಲ್ಲೂ ಇದೇ 35,400. ಅಲ್ಲಿಂದ ಟೆಕ್ನಿಕಲ್ ಆಫೀಸರ್ ಸಾಲು. ಇಸ್ರೊದಲ್ಲಿ ಪ್ರಥಮ ದರ್ಜೆ ಬಿಎಸ್ಸಿಗೆ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ ಇದೆ. ಅದು ಲೆವೆಲ್ 7, ಅಂದರೆ 44,900. ಇದೆಲ್ಲ 7ನೇ ವೇತನ ಆಯೋಗದ ಲೆಕ್ಕ. ಒಂದು ಸಾಲಿನಿಂದ ಇನ್ನೊಂದಕ್ಕೆ ತಾನಾಗಿ ಕರೆದೊಯ್ಯುವ ಮೆಟ್ಟಿಲು ಇಲ್ಲ. ವಿಜ್ಞಾನಿ ಹುದ್ದೆ ಬೇಕಿದ್ದರೆ ಅದಕ್ಕೆ ಬೇಕಾದ ಪದವಿ ಪಡೆದು, ಹೊರಗಿನವರ ಜೊತೆ ಸ್ಪರ್ಧಿಸಿ, ಹೊಸದಾಗಿ ಆಯ್ಕೆಯಾಗಬೇಕು. ಈ ಮಾತನ್ನು ಸೇರುವ ದಿನ ನನಗೆ ಯಾರೂ ಹೇಳಲಿಲ್ಲ. ಗೊತ್ತಾಗುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಇನ್ನು ಅಸೆಸ್‌ಮೆಂಟ್, ಅಂದರೆ ಬಡ್ತಿಗಾಗಿ ನಡೆಯುವ ಮೌಲ್ಯಮಾಪನದ ವಿಚಾರ. ಇಷ್ಟು ವರ್ಷ ಆದರೆ ಬಡ್ತಿ ಅಂತ ನಿಯಮ ಓದಿ ಸಮಾಧಾನಪಟ್ಟುಕೊಳ್ಳಬೇಡ. ಅಷ್ಟು ವರ್ಷಕ್ಕೆ ಸಿಗುವುದು ಅರ್ಹತೆ ಮಾತ್ರ. ಮೊದಲ ಸಲ ನಾನು ಸಂದರ್ಶನಕ್ಕೆ ಹೋದಾಗ ನನ್ನ ವಾರ್ಷಿಕ ವರದಿಯಲ್ಲಿ ಎಲ್ಲ ಕಡೆ ಒಂದೇ ಪದ ಇತ್ತು: ಸಹಾಯ ಮಾಡಿದರು. ಪರೀಕ್ಷೆಗೆ ಸಹಾಯ, ಜೋಡಣೆಗೆ ಸಹಾಯ, ವರದಿಗೆ ಸಹಾಯ. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, ನೀವು ಇಲ್ಲದಿದ್ದರೆ ಇದರಲ್ಲಿ ಯಾವ ಕೆಲಸ ನಿಲ್ಲುತ್ತಿತ್ತು ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆ ವರ್ಷ ಬಡ್ತಿ ಆಗಲಿಲ್ಲ.

ಉತ್ತರ ಇರಲಿಲ್ಲ ಅಂತಲ್ಲ. ಅದಕ್ಕೆ ಎರಡು ವರ್ಷ ಮೊದಲು ಒಂದು ರಾತ್ರಿ ನಿರ್ವಾತ ಚೇಂಬರ್‌ನ ಒತ್ತಡ ಎಷ್ಟು ಪಂಪ್ ಮಾಡಿದರೂ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಉಪಕರಣ ಒಳಗೆ ಹೋಗಬೇಕು. ಹೀಲಿಯಂ ಲೀಕ್ ಡಿಟೆಕ್ಟರ್ ಹಚ್ಚಿ, ಒಂದೊಂದೇ ಫ್ಲ್ಯಾಂಜ್‌ಗೆ (ಭಾಗಗಳನ್ನು ಜೋಡಿಸುವ ಅಂಚಿಗೆ) ಹೀಲಿಯಂ ಬಿಡುತ್ತಾ ಬಂದೆ. ಹನ್ನೊಂದನೆಯದರಲ್ಲಿ ಮುಳ್ಳು ಹಾರಿತು. ಬಿಚ್ಚಿ ನೋಡಿದರೆ ಗಾಳಿ ನುಸುಳದಂತೆ ತಡೆಯುವ ಓ-ರಿಂಗ್ ಮೇಲೆ ಅಡ್ಡಡ್ಡಲಾಗಿ ಒಂದು ತಲೆಗೂದಲು! ಒರೆಸಿ, ಮತ್ತೆ ಕೂರಿಸಿ, ಬೆಳಿಗ್ಗೆ ಐದಕ್ಕೆ ಚೇಂಬರ್ ಒಪ್ಪಿಸಿದೆ. ಲಾಗ್ ಬುಕ್‌ನಲ್ಲಿ ನನ್ನ ಕೈಬರಹದಲ್ಲಿ ಮೂರು ಸಾಲು ಇತ್ತು. ವಾರ್ಷಿಕ ವರದಿಯಲ್ಲಿ ಒಂದು ಪದವೂ ಇರಲಿಲ್ಲ, ಬರೆಯಬೇಕಾದವನು ನಾನೇ ಬರೆದಿರಲಿಲ್ಲ. ಮುಂದಿನ ಸಲ ಆ ಪುಟದ ಪ್ರತಿ ಮಾಡಿಸಿ ಮೇಜಿನ ಮೇಲೆ ಇಟ್ಟೆ. ಹತ್ತು ನಿಮಿಷ ಅದರ ಮೇಲೆಯೇ ಪ್ರಶ್ನೆ ಬಂತು. ಆ ಸಲ ಬಡ್ತಿ ಆಯಿತು.

ಎಪಿಎಆರ್‌ನಲ್ಲಿ, ಅಂದರೆ ಆ ವಾರ್ಷಿಕ ವರದಿಯಲ್ಲಿ, ನಿನ್ನ ಕೆಲಸ ನೀನು ಬರೆಯುವ ಭಾಗ ಇರುತ್ತದೆ. ಅದನ್ನು ಕೊನೆಯ ದಿನ ಸಂಜೆ ಗೀಚಿ ಕೊಡಬೇಡ.

ಡಿಆರ್‌ಡಿಒದಲ್ಲಿ ವಿಜ್ಞಾನಿ, ಎಂಎಸ್ಸಿ ಮೂಲಕ ಸೇರಿದವಳು

ಹಿರಿಯರು ಹೇಳಿದ್ದು ಅಕ್ಷರಶಃ ಸತ್ಯ. ಆ ಕಡೆಯ ಸಾಲು ಹೇಗಿದೆ ಅಂತ ನಾನು ಹೇಳುತ್ತೇನೆ.

ಎಂಎಸ್ಸಿ ಭೌತಶಾಸ್ತ್ರ ಮುಗಿಸಿ, ಗೇಟ್ ಪ್ರವೇಶ ಪರೀಕ್ಷೆ ಬರೆದು, ಸಂದರ್ಶನ ದಾಟಿ ಸೈಂಟಿಸ್ಟ್-ಬಿ ಆದೆ. ಲೆವೆಲ್ 10, ಬೇಸಿಕ್ 56,100. ಇಲ್ಲಿ ಬಡ್ತಿ ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್ ಸ್ಕೀಮ್ ಪ್ರಕಾರ. ಇದರ ದೊಡ್ಡ ಅನುಕೂಲ ಅಂದರೆ ಮೇಲಿನ ಹುದ್ದೆ ಖಾಲಿಯಾಗಲಿ ಅಂತ ಕಾಯಬೇಕಿಲ್ಲ. ನಾವು ತೇರ್ಗಡೆಯಾದರೆ ನಮ್ಮ ಹುದ್ದೆಯೇ ಮೇಲೇರುತ್ತದೆ. ಬಿ ಇಂದ ಸಿ ಗೆ ಕನಿಷ್ಠ 3 ವರ್ಷ, ಸಿ ಇಂದ ಡಿ ಗೆ 4, ಡಿ ಇಂದ ಇ ಗೆ 4, ಆಮೇಲೆ ಎಫ್‌ಗೆ 5, ಜಿ ಗೆ 5. ಪ್ರತಿ ಸಲವೂ ಮೊದಲ ಪ್ರಯತ್ನದಲ್ಲೇ ಆದರೆ 21 ವರ್ಷಕ್ಕೆ ಸೈಂಟಿಸ್ಟ್-ಜಿ. ಆ ಲೆಕ್ಕ ಕಾಗದದ ಮೇಲೆ ಸುಲಭ. ನನಗೆ ಡಿ ಇಂದ ಇ ಗೆ ಎರಡು ಸಲ ಹೋಗಬೇಕಾಯಿತು, ಹೆರಿಗೆ ರಜೆಯ ನಂತರ ಪ್ರಾಜೆಕ್ಟ್ ಬದಲಾಗಿ ತೋರಿಸಲು ಪೂರ್ತಿಯಾದ ಕೆಲಸ ಇರಲಿಲ್ಲ.

ಇಸ್ರೊದಲ್ಲಿ ಇದೇ ಥರ ಎಸ್‌ಸಿ, ಎಸ್‌ಡಿ, ಎಸ್‌ಇ, ಎಸ್‌ಎಫ್, ಎಸ್‌ಜಿ ಅಂತ ಅಕ್ಷರಗಳು. ಸಿಎಸ್‌ಐಆರ್‌ನಲ್ಲಿ ವಿಜ್ಞಾನಿ ಹುದ್ದೆ ಶುರುವಾಗುವುದೇ ಲೆವೆಲ್ 11ರಿಂದ, 67,700. ಆದರೆ ಅಲ್ಲಿ ಸಾಮಾನ್ಯವಾಗಿ ಪಿಎಚ್‌ಡಿ ಅಥವಾ ಎಂಟೆಕ್ ಕೇಳುತ್ತಾರೆ. ಬಾರ್ಕ್‌ನ (ಭಾಭಾ ಪರಮಾಣು ಸಂಶೋಧನಾ ಕೇಂದ್ರ) ಟ್ರೈನಿಂಗ್ ಸ್ಕೂಲ್ ಬಗ್ಗೆಯೂ ತಿಳಿದುಕೊಳ್ಳಿ. 1957ರಿಂದ ಇದೆ, ಎಂಎಸ್ಸಿಯವರನ್ನೂ ತೆಗೆದುಕೊಳ್ಳುತ್ತಾರೆ, ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಕಲಿಸಿ ಸೈಂಟಿಫಿಕ್ ಆಫೀಸರ್ ಮಾಡುತ್ತಾರೆ.

ಈ ಎಲ್ಲ ಬಾಗಿಲಿಗೂ ಬಿಎಸ್ಸಿ ಸಾಲದು ಅನ್ನುವುದನ್ನು ಗಮನಿಸಿ. ಮನೆಯ ಪರಿಸ್ಥಿತಿ ಬೇರೆ ಇದ್ದಿದ್ದರೆ ಎಂಎಸ್ಸಿಗೆ ಹೋಗಿ ಅಂತ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ. ನಿಮ್ಮ ಮನೆಯ ಜವಾಬ್ದಾರಿ ಓದಿ ಹಾಗೆ ಹೇಳಲು ಮನಸ್ಸು ಬರುತ್ತಿಲ್ಲ.

ಆರು ವರ್ಷ ಪ್ರಾಜೆಕ್ಟ್‌ಗಳಲ್ಲಿ ಇದ್ದವನು

ಒಂದೇ ಮಾತು. ಖಾಯಂ ಕೆಲಸ ಕೈಗೆ ಬಂದಿದೆ, ಅದನ್ನು ಬಿಟ್ಟು ಇನ್ನೊಂದು ಪ್ರಾಜೆಕ್ಟ್ ಹುದ್ದೆ ಹಿಡಿಯುವ ಯೋಚನೆ ಮಾತ್ರ ಮಾಡಬೇಡಿ. ನಾನು ಮೂರು ಪ್ರಾಜೆಕ್ಟ್ ಬದಲಿಸಿದೆ. ಪ್ರತಿ ಮಾರ್ಚ್‌ನಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಅನ್ನುವ ಆತಂಕ. ಆರು ವರ್ಷದ ಕೊನೆಗೆ ನನ್ನ ಹುದ್ದೆಯ ಹೆಸರು ಮೊದಲ ದಿನದ್ದೇ. ಅಲ್ಲಿ ಬಡ್ತಿ ಅನ್ನುವುದೇ ಇಲ್ಲ. ಪಿಎಚ್‌ಡಿಗೆ ನೋಂದಣಿ ಆಗಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ), ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದರೆ ಅದು ಬೇರೆ ದಾರಿ. 2023ರ ಜನವರಿಯಿಂದ ಜೆಆರ್‌ಎಫ್‌ಗೆ 37,000, ಎಸ್‌ಆರ್‌ಎಫ್‌ಗೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. ನೋಂದಣಿ ಇಲ್ಲದೆ ಸುಮ್ಮನೆ ಪ್ರಾಜೆಕ್ಟ್‌ನಲ್ಲಿ ಇರುವುದರಿಂದ ವಯಸ್ಸು ಮಾತ್ರ ಹೋಗುತ್ತದೆ.

ತಾಂತ್ರಿಕ ಹುದ್ದೆಯಿಂದ ವಿಜ್ಞಾನಿ ಹುದ್ದೆಗೆ ದಾಟಿದವಳು

ಅಕ್ಕನ ಥರ ಹೇಳುತ್ತೇನೆ, ಕೇಳಿ. ಎರಡರಲ್ಲಿ ಒಂದನ್ನು ಪೂರ್ತಿ ಬಿಡಲೇಬೇಕು ಅಂತೇನಿಲ್ಲ. ನಾನು ಲೆವೆಲ್ 6ರಲ್ಲಿ ಸೇರಿ, ಕೆಲಸದಲ್ಲಿದ್ದುಕೊಂಡೇ ಎಂಎಸ್ಸಿ ಮಾಡಿ, ಗೇಟ್ ಬರೆದು ದಾಟಿದೆ. ಒಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ನನ್ನ ತಪ್ಪಿನಿಂದಲೇ ವ್ಯರ್ಥವಾಯಿತು. ಅನುಮತಿ ಪತ್ರ ಇಲ್ಲದೆ ಓದಿಗೆ ಸೇರಿಬಿಟ್ಟಿದ್ದೆ. ಪದವಿಯನ್ನು ಸೇವಾ ಪುಸ್ತಕಕ್ಕೆ ಸೇರಿಸಲು ಆಡಳಿತ ವಿಭಾಗ ಒಪ್ಪಲಿಲ್ಲ, ಬೇರೆ ಹುದ್ದೆಗೆ ಅರ್ಜಿ ಹಾಕಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಿದಾಗ ಫೈಲು ಅಲ್ಲೇ ಸಿಕ್ಕಿಹಾಕಿಕೊಂಡಿತು. ಮೊದಲು ಲಿಖಿತ ಅನುಮತಿ, ಆಮೇಲೆ ಫೀಸು ಕಟ್ಟುವುದು. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಭೌತಶಾಸ್ತ್ರ ಇದೆ. ಆದರೆ ಮುಂದೆ ನೀವು ಅರ್ಜಿ ಹಾಕಬೇಕೆಂದಿರುವ ಹುದ್ದೆಯ ಹಳೆಯ ಅಧಿಸೂಚನೆ ತೆಗೆದು, ಆ ಪದವಿ ಒಪ್ಪುತ್ತಾರೋ ಇಲ್ಲವೋ ಓದಿಕೊಂಡೇ ಸೇರಿ.

ದಾಟುವಾಗ ಅರ್ಜಿಯನ್ನು ಕಚೇರಿಯ ಮೂಲಕವೇ ಕಳಿಸಿ. ಹಾಗೆ ಕಳಿಸಿ ಆಯ್ಕೆಯಾದರೆ ತಾಂತ್ರಿಕ ರಾಜೀನಾಮೆ ಅಂತ ಪರಿಗಣಿಸುತ್ತಾರೆ. ಹಿಂದಿನ ಸೇವೆ, ರಜೆ, ವೇತನ ರಕ್ಷಣೆ ಎಲ್ಲ ಉಳಿಯುತ್ತದೆ. ಆತುರದಲ್ಲಿ ನೇರ ಅರ್ಜಿ ಹಾಕಿ, ಮಾಮೂಲಿ ರಾಜೀನಾಮೆ ಕೊಟ್ಟು ಹೋದರೆ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಅನೇಕ ಅಧಿಸೂಚನೆಗಳಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ವಯಸ್ಸಿನ ಸಡಿಲಿಕೆಯೂ ಇರುತ್ತದೆ.

ಎಲ್ಲರೂ ಕಲಾಂ ಅವರ ಉದಾಹರಣೆ ಕೊಡುತ್ತಾರೆ. 1958ರಲ್ಲಿ ಸೀನಿಯರ್ ಸೈಂಟಿಫಿಕ್ ಅಸಿಸ್ಟೆಂಟ್ ಆಗಿ, 250 ರೂಪಾಯಿ ಬೇಸಿಕ್‌ಗೆ ಸೇರಿದವರು ಅಂತ. ನಿಜವೇ. ಆದರೆ ಅವರು ತಿರುಚಿರಾಪಳ್ಳಿಯಲ್ಲಿ ಬಿಎಸ್ಸಿ ಮುಗಿಸಿ, ಅಷ್ಟಕ್ಕೆ ನಿಲ್ಲದೆ ಮದ್ರಾಸಿನಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಓದಿ ಹೋದವರು. ಆ ನಡುವಿನ ಓದನ್ನು ಬಿಟ್ಟು ಕಥೆ ಹೇಳಿದರೆ ನಿಮ್ಮಂಥವರಿಗೆ ದಾರಿ ತಪ್ಪುತ್ತದೆ.

ನಿವೃತ್ತ ತಾಂತ್ರಿಕ ಅಧಿಕಾರಿ

ಈ ಮೇಲಿನ ಅನುಮತಿ ಪತ್ರದ ಮಾತನ್ನು ಬರೆದಿಟ್ಟುಕೋ ಮಗಳೇ. ಇನ್ನೊಂದು ವಿಷಯ: ದಾಟಲು ಆಗದೇ ಹೋದರೂ ಬದುಕು ಹಾಳಾಯಿತು ಅಂದುಕೊಳ್ಳಬೇಡ. ನಾನು ದಾಟಲಿಲ್ಲ. ನನ್ನ ಚೇಂಬರ್‌ನಲ್ಲಿ ಪರೀಕ್ಷೆಯಾದ ಉಪಕರಣಗಳನ್ನು ನೆನೆಸಿಕೊಂಡರೆ ಇವತ್ತಿಗೂ ಎದೆ ತುಂಬುತ್ತದೆ. ಆದರೆ ಗೊತ್ತಿದ್ದು ಆರಿಸಿಕೊಳ್ಳುವುದು ಬೇರೆ, ಗೊತ್ತಿಲ್ಲದೆ ಉಳಿದುಬಿಡುವುದು ಬೇರೆ.

ಪ್ರಶ್ನೆ ಕೇಳಿದವಳು, ಐದು ದಿನದ ನಂತರ

ಎಲ್ಲರಿಗೂ ಹೃದಯದಿಂದ ಧನ್ಯವಾದ. ಇವತ್ತು ಬೆಳಿಗ್ಗೆ ಆಡಳಿತ ವಿಭಾಗಕ್ಕೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಹುದ್ದೆ ಗ್ರೂಪ್ 3ರದ್ದೇ. ಬಾಂಡ್ ಇಲ್ಲ. ಪ್ರೊಬೇಷನ್ ಮುಗಿಯುವವರೆಗೆ ಓದಿಗೆ ಅನುಮತಿ ಸಿಗುವುದು ಕಷ್ಟ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಅರ್ಜಿ ಹಾಕಬಹುದು ಅಂದರು. ಮಧ್ಯಾಹ್ನ ಎಂಎಸ್ಸಿ ಸೀಟು ಬಿಟ್ಟು ಬಂದೆ. ಟಿಸಿ ವಾಪಸ್ ತಗೊಳ್ಳುವಾಗ ಅಳು ಬಂತು, ಸುಳ್ಳು ಹೇಳುವುದಿಲ್ಲ. ಮುಂದಿನ ಸೋಮವಾರ ಸೇರುತ್ತಿದ್ದೇನೆ. ಪ್ರೊಬೇಷನ್ ಮುಗಿಯುವ ತಾರೀಖನ್ನು ಈಗಲೇ ಡೈರಿಯಲ್ಲಿ ಗುರುತು ಹಾಕಿದ್ದೇನೆ. ಸರ್, ಲಾಗ್ ಬುಕ್‌ಗೆ ಅಂತ ದಪ್ಪ ರಟ್ಟಿನ ಪುಸ್ತಕವೊಂದನ್ನೂ ತಂದಿಟ್ಟುಕೊಂಡೆ.