ಜರ್ಮನಿಯ ಸಣ್ಣ ಊರಿಗೆ ಕೆಲಸಕ್ಕ ಹೊಂಟೀನಿ, ಇದ್ದು ಬಂದವ್ರು ಹೇಳ್ರಿ

ಬೆಳಗಾವಿಯಿಂದ ಕೇಳಿದವರು:
ನಮಸ್ಕಾರ್ರೀ. ಉದ್ಯಮಬಾಗದಾಗ 9 ವರ್ಷ ಸಿಎನ್‌ಸಿ ಲೇಥ್ ನಡಿಸೀನಿ. ಈಗ ದಕ್ಷಿಣ ಜರ್ಮನಿಯಾಗ, ಸ್ಟುಟ್‌ಗಾರ್ಟ್‌ದಿಂದ ಒಂದೂವರೆ ತಾಸಿನ ದಾರಿ, ಒಂದು ಸಣ್ಣ ಊರಾಗ ಕೆಲಸ ಸಿಕ್ಕೈತಿ. ಅಕ್ಟೋಬರ್ ಒಂದಕ್ಕ ಹಾಜರಾಗ್ಬೇಕು. ಮನಿಯಾಕಿ, ಮಗಳು ಸದ್ಯಕ್ಕ ಇಲ್ಲೇ. ಮಷಿನ್ ಬಗ್ಗೆ ಹೆದರಿಕಿ ಇಲ್ಲ, ಉಳಿದದ್ದೆಲ್ಲಾ ಹೆದರಿಕಿನ. ಬರ್ಲಿನ್, ಮ್ಯೂನಿಕ್ ಸುದ್ದಿ ಹೇಳಾವ್ರು ಭಾಳ ಮಂದಿ ಸಿಕ್ಕಾರ. ಸಣ್ಣ ಊರಾಗ ದಿನಾ ತಗದವ್ರು ಹೇಳ್ರಿ.

ಗೋಕಾಕದವರು:
ತಮ್ಮಾ, ಅಂಥಾದ್ದ ಒಂದು ಊರಾಗ ನಾ ಐದು ವರ್ಷ ಇದ್ದೆ. ಮೊದಲ ಮನಿ ನೋಡು, ಅದೂ ಮಾಲಕರು ಸಹಿ ಮಾಡಿ ಕಾಗದ ಕೊಡೂವಂಥಾ ಮನಿ. ಮನಿ ಹೊಕ್ಕ 2 ವಾರದೊಳಗ ರಾಟ್‌ಹೌಸ್‌ಗೆ, ಅಂದ್ರ ಅಲ್ಲಿಯ ಪುರಸಭೆಗೆ, ಹೋಗಿ ವಿಳಾಸ ಬರಸ್ಬೇಕು. 'ಆನ್‌ಮೆಲ್ಡುಂಗ್' ಅಂತಾರ. ಮಾಲಕರ ಕಾಗದ ಇಲ್ಲಂದ್ರ ಅದು ಆಗೂದಿಲ್ಲ. ಅದಾದಮ್ಯಾಲ ತೆರಿಗೆ ನಂಬರ್ ಅಂಚೆಯಾಗ ಬರ್ತೈತಿ. ಆ ನಂಬರ್ ಇಲ್ಲಂದ್ರ ಪಗಾರದಾಗ ಜಾಸ್ತಿ ಮುರ್ಕೊಬಹುದು.

ನನಗ ಆರು ವಾರ ಆದ್ರೂ ಬರ್ಲಿಲ್ಲ. ದಿನಾ ಡಬ್ಬಿ ತಗದು ನೋಡೂದು, ಖಾಲಿ. ಕಡೀಕ ಕೆಳಗಿನ ಮನಿ ಅಜ್ಜಿ ತೋರಿಸಿದ್ಳು: ಡಬ್ಬಿ ಮ್ಯಾಲ ಹಿಂದಿನ ಬಾಡಿಗಿಯವನ ಹೆಸರ ಐತಿ! ಅಲ್ಲಿ ನಂಬರ್ ಇರೂದು ಕಟ್ಟಡಕ್ಕ, ಒಳಗಿನ ಒಂದೊಂದು ಮನಿಗೆ ಅಲ್ಲ. ಅಂಚೆಯವ ಅಡ್ಡಹೆಸರು ನೋಡಿ ಹಾಕ್ತಾನ, ಹೆಸರಿಲ್ಲಂದ್ರ ವಾಪಸ್. ಬ್ಯಾಂಕ್ ಕಾರ್ಡು, ವಿಮಾ ಕಾರ್ಡು, ತೆರಿಗೆ ಪತ್ರ ಮೂರೂ ತಿರುಗಿ ಹೋಗಿದ್ದುವು. ಚೀಟಿ ಮ್ಯಾಲ ಹೆಸರು ಬರದು ಟೇಪ್ ಹಚ್ಚಿದ ಮ್ಯಾಲ ಅಂಚೆ ಚಾಲೂ ಆತು.

ಬಾಗಲಕೋಟೆ ನರ್ಸ್ ಅಕ್ಕ:
ಭಾಷಾದ್ದು ನಾ ಹೇಳ್ತೀನಿ. ನಾ ಜರ್ಮನ್ ಭಾಷಾ ಪರೀಕ್ಷಾದ ಬಿ2 ಮಟ್ಟ ಪಾಸಾಗಿ ಹೋದಾಕಿ. ಮೊದಲ ದಿನ ವಾರ್ಡಿನಾಗ ಒಬ್ಬ ಅಜ್ಜ ಏನೋ ಕೇಳಿದಾ, ಒಂದಕ್ಷರ ತಿಳೀಲಿಲ್ಲ. ಆತ ಆಡಿದ್ದು ಶ್ವಾಬಿಷ್, ಆ ಸೀಮಿ ಮಾತು. ಬೆಂಗಳೂರಾಗ ಕನ್ನಡ ಕಲ್ತವ್ರನ್ನ ತಂದು ನಮ್ಮ ಬಾಗಲಕೋಟಿ ಸಂತ್ಯಾಗ ನಿಂದರಿಸಿದಂಗ! ನಾಚ್ಕೊಬ್ಯಾಡ್ರಿ, 'ಮೆಲ್ಲಕ ಹೇಳ್ರಿ' ಅನ್ನೂದನ್ನ ಜರ್ಮನ್‌ದಾಗ ಮೊದ್ಲ ಬಾಯಿಪಾಠ ಮಾಡ್ರಿ.

ನಮ್ಮ ನೀವು, ನೀ ಇದ್ದಂಗ ಅಲ್ಲಿ 'ಝೀ', 'ಡೂ'. ಹಿರೇರು ತಾವಾಗಿ 'ಡೂ' ಅನ್ನು ಅನ್ನೂತನಕಾ 'ಝೀ' ಬಿಡಬ್ಯಾಡ್ರಿ. ಎಲ್ಲಾದಕ್ಕೂ 'ರೀ' ಹಚ್ಚಾವ್ರು ನಾವು, ಇದು ಕಷ್ಟ ಆಗೂದಿಲ್ಲ. ಮಧ್ಯಾಹ್ನ ಎದುರು ಸಿಕ್ಕವ್ರು 'ಮಾಲ್‌ಟ್ಸೈಟ್' ಅಂದ್ರ ಊಟಕ್ಕ ಕರಿಯಾಕತ್ತಾರ ಅಂತ ಹಿಂದ ಹೋಗಬ್ಯಾಡ್ರಿ, ಅದು ನಮಸ್ಕಾರ ಇದ್ದಂಗ. ನಾ ಎರಡ ದಿನ ಹೋಗೀನಿ.

ವಿಜಯಪುರದವರು:
ಸಾಮಾನಿಂದು ಹೇಳ್ತೀನ್ರಿ. ಕುಂದಾ ಒಯ್ಯಬ್ಯಾಡ್ರಿ. ತುಪ್ಪಾನೂ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಹೊರಗಿಂದ ತರೂಹಂಗಿಲ್ಲ. ನನ್ನ ಮುಂದನ ಎರಡು ಕಿಲೋ ಕುಂದಾ ಕಸಕ್ಕ ಹೋತು, ಇನ್ನೂ ಹೊಟ್ಟಿ ಉರೀತದ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ರಿ. ನಾ ಶನಿವಾರ ರಾತ್ರಿ ಇಳದೆ. ರವಿವಾರ ಅಲ್ಲಿ ಅಂಗಡಿ ಎಲ್ಲಾ ಬಂದ್. ಇಡೀ ದಿನ ರೊಟ್ಟಿ ಮ್ಯಾಲ ತಗದೆ.

ನಮ್ಮ ಲೈಸೆನ್ಸ್ ಅಲ್ಲಿ 6 ತಿಂಗಳು ಅಷ್ಟ ನಡೀತದ. ಆಮ್ಯಾಲ ಥಿಯರಿ, ಗಾಡಿ ಎರಡೂ ಪರೀಕ್ಷಾ. ಥಿಯರಿ ಇಂಗ್ಲಿಷ್‌ದಾಗ ಬರೀಬಹುದು. ಸಣ್ಣ ಊರಾಗ ಸಂಜಿಗೇ ಬಸ್ಸು ಮುಗೀತಾವ, ಅದಕ್ಕ ಮೊದಲಿಂದ ತಯಾರಾಗ್ರಿ.

ಗೋಕಾಕದವರು:
ಒಂದು ಉಳೀತು, ಅದ ದೊಡ್ಡದು. ಭಾಳ ಕಾರ್ಖಾನ್ಯಾಗ ಶುಕ್ರವಾರ ಮಧ್ಯಾಹ್ನಕ್ಕ ಕೆಲಸ ಮುಗೀತೈತಿ. ಅಲ್ಲಿಂದ ಸೋಮವಾರ ಮುಂಜಾನಿತನಕಾ ಮಾತಾಡಾಕ ಯಾರೂ ಇಲ್ಲ. ಡಿಸೆಂಬರ್‌ದಾಗ ನಾಕೂವರಿಗೇ ಹೊತ್ತು ಮುಳಗ್ತೈತಿ. ಮನಿಗೆ ಫೋನ್ ಹಚ್ಚೂಣಂದ್ರ ಅಕ್ಟೋಬರ್ ಕಡೇ ರವಿವಾರ ಅವ್ರು ಗಡಿಯಾರ ಒಂದು ತಾಸು ಹಿಂದ ಇಡ್ತಾರ. ಮೂರೂವರಿ ತಾಸಿನ ಅಂತರ ನಾಕೂವರಿ ಆಕ್ಕೈತಿ, ನೀ ಉಂಡು ಕೂಡೂದ್ರೊಳಗ ಮಗಳು ಮಲಗಿರ್ತಾಳ.

ಮೊದಲ ಚಳಿಗಾಲ ನಾ ಗ್ವಾಡಿ ನೋಡ್ಕೋತ ಕುಂತೆ. ಎರಡನೇ ವರ್ಷ ಟೇಬಲ್ ಟೆನಿಸ್ 'ಫೆರೈನ್' ಸೇರಿದೆ. ಫೆರೈನ್ ಅಂದ್ರ ಸಂಘ. ಸಣ್ಣ ಊರಂದ್ರ ಹಾಡಾಕೊಂದು, ಫುಟ್ಬಾಲಿಗೊಂದು. ಬೆಂಕಿ ಆರಸಾವ್ರೂ ಊರವರ, ಸ್ವಯಂಸೇವಕರು. ಬ್ಯಾಟ್ ಹಿಡಿಯಾಕ ನನಗ ಇವತ್ತಿಗೂ ಸರಿಯಾಗಿ ಬರೂದಿಲ್ಲ. ಆದ್ರ ಆಟ ಮುಗದ ಮ್ಯಾಲ ಎಲ್ಲಾರೂ ಕೂಡ್ತಾರಲ್ಲ, ಅಲ್ಲೇ ಒಬ್ಬ ಹಳೇ ಸೈಕಲ್ ಕೊಟ್ಟಾ, ಇನ್ನೊಬ್ಬ ನನ್ನ ಮುಂದಿನ ಮನಿ ಹುಡುಕಿಕೊಟ್ಟಾ. ಆಫೀಸಿನಾಗ ಇದಾಗೂದಿಲ್ಲ, ಅಲ್ಲಿ ಕೆಲಸ ಅಂದ್ರ ಕೆಲಸ.

ಬೆಳಗಾವಿಯಿಂದ ಕೇಳಿದವರು:
ಎಲ್ಲಾರಿಗೂ ಶರಣ್ರಿ. ಅವ್ವ ಕುಂದಾ ಕಟ್ಟಾಕ ತಯಾರಿ ನಡಿಸಿದ್ಳು, ಬ್ಯಾಡ ಅಂದೆ, ಮುಖ ಸಣ್ಣದು ಮಾಡ್ಕೊಂಡಾಳ. ಡಬ್ಬಿ ಸಲುವಾಗಿ ನಮ್ಮ ಮಷಿನ್‌ದಾಗ ಹಿತ್ತಾಳಿ ಪಟ್ಟಿ ಮ್ಯಾಲ ಅಡ್ಡಹೆಸರು ಕೊರಸಿ ಒಯ್ಯಲಿ ಏನ್ರಿ, ಅಣ್ಣಾರ?

ಗೋಕಾಕದವರು:
ಬ್ಯಾಡೋ ಮಾರಾಯಾ. ಡಬ್ಬಿ ಡಬ್ಬಿಗೆ ಅಳತಿ ಬ್ಯಾರೆ. ಒಂದು ಮಾರ್ಕರ್ ಪೆನ್ನು, ಒಂದು ಟೇಪು ಕಿಸೆದಾಗ ಇಟ್ಕೊ.